ಸಾಹೇಬರಿಗೆ ಗಂಜಿ ಹಾಕಿದ ದಿನ

"ಇನ್ನೂ ಒಣಗಿಲ್ಲ, ನಾಳೆ ಬನ್ನಿ."

ನಮ್ಮ ಭಾವನ ಬಾಯಿಂದ ದಿನಕ್ಕೆ ಹತ್ತು ಸಲವಾದರೂ ಈ ಮಾತು ಬರುತ್ತದೆ. ಹೊರಗೆ ಬಿಸಿಲು ಸುಡುತ್ತಿರಲಿ, ಅಂಗಿಗಳು ತಂತಿಯ ಮೇಲೆ ಹಲಗೆಯಂತೆ ಒಣಗಿ ನಿಂತಿರಲಿ, ಬಾಗಿಲಿಗೆ ಬಂದ ಗಿರಾಕಿಗೆ ಸಿಗುವ ಉತ್ತರ ಅದೇ. ಸುಳ್ಳೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ನಿಜವಾದ ಕಾರಣವೇ ಬೇರೆ. ಕೈಗೆ ಬಂದ ಬಟ್ಟೆ ತಮ್ಮ ಮನಸ್ಸಿಗೆ ಒಪ್ಪುವ ತನಕ ಭಾವ ಅದನ್ನು ಯಾರಿಗೂ ಕೊಡುವವರಲ್ಲ. ಕಾಲರಿನ ತುದಿಯಲ್ಲಿ ಇರುವೆಯಷ್ಟು ಸುಕ್ಕು ಕಂಡರೂ ಸಾಕು, ಮತ್ತೆ ನೀರು ಹೊಡೆದು ಮೊದಲಿನಿಂದ ಶುರು. 'ನನಗಿನ್ನೂ ಸಮಾಧಾನ ಆಗಿಲ್ಲ' ಎಂದು ಬಾಯಿಬಿಟ್ಟು ಹೇಳಲು ಮಾತ್ರ ಬರುವುದಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಹೇಳುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ.

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ಅಂಗಡಿ. ಕಂಬಳಿ ಮಡಿಸಿ ಹಾಸಿ ಮೇಲೆ ಬಿಳಿ ಬಟ್ಟೆ ಬಿಗಿದ ಉದ್ದನೆಯ ಮೇಜು, ಅದರ ಮೇಲೆ ಎತ್ತಿದರೆ ಮೊಣಕೈ ನೋಯುವಂಥ ಹಳೆಯ ಇಸ್ತ್ರಿಪೆಟ್ಟಿಗೆ. ಎಡಗಡೆ ನೀರಿನ ಬಾಟಲಿ, ಬಲಗಡೆ ಗಂಜಿಯ ಬಾಟಲಿ. ಎರಡೂ ಒತ್ತಿದರೆ ತುಂತುರು ಹೊಡೆಯುವಂಥವು, ಎರಡೂ ಬಿಳಿ, ಎರಡಕ್ಕೂ ಗುರುತಿಲ್ಲ. "ಗುರುತು ಯಾಕೆ? ಕಣ್ಣು ಮುಚ್ಚಿದ್ರೂ ನನ್ನ ಕೈಗೆ ಗೊತ್ತು" ಎಂದು ಭಾವ ಎದೆಯುಬ್ಬಿಸುತ್ತಿದ್ದರು. ಆ ಎದೆಯ ಗಾಳಿ ಹೇಗೆ ಇಳಿಯಿತೆಂಬುದನ್ನೇ ಈಗ ಹೇಳಹೊರಟಿದ್ದೇನೆ.

ನಾನು ಅಕ್ಕನ ಬೆನ್ನಿಗೆ ಬಿದ್ದ ತಂಗಿ. ಕಿಟಕಿಯ ಪಕ್ಕ ಕೂತು ಕಿತ್ತುಹೋದ ಗುಂಡಿ ಹಚ್ಚುವುದು, ಬಿಚ್ಚಿದ ಹೊಲಿಗೆ ಸರಿಮಾಡುವುದು ಅಂಗಡಿಯಲ್ಲಿ ನನ್ನ ಪಾಲಿನ ಕೆಲಸ. ಅದಕ್ಕೇ ಭಾವ ನನ್ನನ್ನು 'ಗುಂಡಿ' ಎಂದೇ ಕರೆಯುವುದು. ನಾನೇನು ಸುಮ್ಮನಿರುತ್ತೇನೆಯೇ? ಅವರನ್ನು ಕೀಟಲೆ ಮಾಡದೆ ನನಗೆ ಉಂಡ ಅನ್ನ ಅರಗುವುದಿಲ್ಲ. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಇನ್ನು ಮನೆಯ ನಾಲ್ಕನೆಯ ಸದಸ್ಯರು, ಸಾಹೇಬರು.

ಸಾಹೇಬರೆಂದರೆ ಒಂದು ಹಕ್ಕಿ. ಕಾಕಟೀಲ್ ಅನ್ನುತ್ತಾರಲ್ಲ, ಗಿಳಿಯ ಸಂಬಂಧಿ, ಅದು. ಬೂದು ಮೈ, ಹಳದಿ ತಲೆ, ಎರಡು ಕೆನ್ನೆಗೂ ಯಾರೋ ಬಣ್ಣ ಮೆತ್ತಿ ಕಳಿಸಿದಂಥ ಕೆಂಪು ಚುಕ್ಕೆ, ತಲೆಯ ಮೇಲೆ ಮನಸ್ಸು ಬಂದಾಗ ಏಳುವ, ಬೇಸರವಾದಾಗ ಮಲಗುವ ಜುಟ್ಟು. ಊರು ಬಿಟ್ಟು ಹೋಗುತ್ತಿದ್ದ ರೋಗಿಯೊಬ್ಬರು ಅಕ್ಕನ ಕೈಗೆ ಕೊಟ್ಟು ಹೋಗಿದ್ದರು. ಮೊದಲ ದಿನವೇ ಅದು ಕೈ ಹಿಂದೆ ಕಟ್ಟಿಕೊಂಡವರ ಹಾಗೆ ತಾನು ಕೂರುವ ಕೋಲಿನ ಮೇಲೆ ಅತ್ತಿಂದಿತ್ತ ನಡೆದು, ಮನೆಯನ್ನೆಲ್ಲ ತಪಾಸಣೆ ಮಾಡಿ, ಯಾವುದೂ ಸರಿಯಿಲ್ಲ ಎಂಬಂತೆ ತಲೆ ಕೊಂಕಿಸಿತು. ಅಕ್ಕ ಅಲ್ಲೇ ಹೆಸರಿಟ್ಟುಬಿಟ್ಟಳು.

ಈ ಸಾಹೇಬರಿಗೂ ನಮ್ಮ ಭಾವನಿಗೂ ಎಣ್ಣೆ ಸೀಗೆಕಾಯಿ. ಕಾರಣವೂ ಇತ್ತು ಅನ್ನಿ. ಈ ಜಾತಿಯ ಹಕ್ಕಿಗಳ ಗರಿಯಿಂದ ಬಿಳಿ ಪುಡಿ ಉದುರುತ್ತದೆ. ಮುಖಕ್ಕೆ ಪೌಡರ್ ಹಚ್ಚುವಾಗ ಹಾರುತ್ತದಲ್ಲ, ಅಷ್ಟು ನಯ. ಸಾಹೇಬರು ಹಿಂದಿನ ಕೋಣೆಯಲ್ಲಿ ಮೈ ಕೊಡವಿದರೆ ಅದು ಪರದೆಯ ಸಂದಿಯಿಂದ ತೇಲಿ ಮುಂದಿನ ಕೋಣೆಗೆ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ತೂಗುತ್ತಿದ್ದದ್ದೇನು? ವಕೀಲರ ಕರಿ ಕೋಟುಗಳು!

ಒಂದು ದಿನ ವಕೀಲಮ್ಮ ಬಂದರು. ಕೋರ್ಟಿನಲ್ಲಿ ಅವರ ಗಂಟಲಿಗೆ ಹೆದರದವರಿಲ್ಲ. ಕೋಟನ್ನು ಮೇಜಿನ ಮೇಲೆ ಹಾಸಿ, ಭುಜದ ಮೇಲೊಂದು ಬೆರಳು ಎಳೆದು, ಆ ಬೆರಳನ್ನು ಭಾವನ ಮೂಗಿನ ಹತ್ತಿರ ಹಿಡಿದರು.

"ಏನಪ್ಪಾ, ಇಸ್ತ್ರಿ ಅಂಗಡಿ ಮುಚ್ಚಿ ಹಿಟ್ಟಿನ ಗಿರಣಿ ತೆಗೆದ್ಯಾ?"

ಭಾವನ ಮುಖ ಕೆಂಡವಾಯಿತು. ವಕೀಲಮ್ಮ ಅತ್ತ ಹೋದದ್ದೇ ತಡ, ಇತ್ತ ಮನೆ ರಣರಂಗ. ಒಂದೋ ಹಕ್ಕಿ ಇರಬೇಕು, ಇಲ್ಲ ತಾನಿರಬೇಕು ಎಂದು ಕೂಗಾಡಿದರು. ಅಕ್ಕ ಕೂಗಾಡುವವಳಲ್ಲ. ಅವಳ ದನಿ ಇಳಿದಷ್ಟೂ ನಮಗೆ ಭಯ.

"ಆಯ್ತು ರೀ. ಹೇಗೂ ನಾನು ಎರಡು ತಿಂಗಳು ತರಬೇತಿಗೆ ಹೊರಗೆ ಹೋಗ್ಬೇಕು. ವಾಪಸ್ ಬಂದ ದಿನಾನೇ ನನ್ನ ಗೆಳತಿಗೆ ಕೊಟ್ಟುಬಿಡ್ತೀನಿ. ಅವಳ ಮನೇಲಿ ಕರಿ ಕೋಟು ಯಾರೂ ಹಾಕಲ್ಲ. ಅಲ್ಲೀತನಕ ವಾರಕ್ಕೆರಡು ಸಲ ಸ್ನಾನ ಮಾಡಿಸಿ. ಪುಡಿ ತಾನಾಗಿ ಕಮ್ಮಿ ಆಗುತ್ತೆ."

"ನಾನಾ? ನಾನು ಅದನ್ನ ಮುಟ್ಟಲ್ಲ!"

"ಮುಟ್ಟಬೇಡಿ. ಗುಂಡಿ ಮಾಡಿಸ್ತಾಳೆ."

ಹೀಗೆ ಕೆಲಸ ನನ್ನ ತಲೆಗೆ ಬಂತು. ಅಕ್ಕ ಹೊರಡುವ ಮುನ್ನ ನನಗೆ ಪಾಠ ಹೇಳಿಕೊಟ್ಟಳು. ಸ್ನಾನ ಬೆಳಿಗ್ಗೆಯೇ ಆಗಬೇಕು, ಒಣಗಲು ಬಿಸಿಲು ಬೇಕು. ಉಗುರುಬೆಚ್ಚಗಿನ ಬರೀ ನೀರು. ಸೋಪು ಕೂಡದು, ಫ್ಯಾನು ಕೂಡದು, ಮುಖಕ್ಕೆ ನೇರ ಹೊಡೆಯಕೂಡದು. ಮೇಲಿನಿಂದ ಜಿನುಗು ಮಳೆ ಬಿದ್ದ ಹಾಗೆ ಬೀಳಬೇಕು. ಇಷ್ಟು ಹೇಳಿ ಹಕ್ಕಿಯ ತಲೆ ಸವರಿ, ಗಂಡನ ಕಡೆ ನೋಡದೆಯೇ ರೈಲು ಹತ್ತಿದಳು.

ಮೊದಲ ಸ್ನಾನದ ಕಥೆ ಕೇಳಬೇಡಿ. ಅಗಲವಾದ ತಟ್ಟೆಯಲ್ಲಿ ನೀರಿಟ್ಟೆ. ಸಾಹೇಬರು ತಟ್ಟೆಯ ಅಂಚು ಕಚ್ಚಿ ಬೋರಲು ಹಾಕಿದರು. ಸ್ನಾನವಾದದ್ದು ನೆಲಕ್ಕೆ. ಬಾಟಲಿ ಹಿಡಿದೆ. ಪರದೆಯ ಕಂಬಿ ಏರಿ ಕೂತು ನನ್ನ ಏಳು ತಲೆಮಾರನ್ನು ಬಯ್ದರು. ನಾನು ಕುರ್ಚಿ ಹತ್ತಿದೆ, ಅವರು ಬೀರು ಹತ್ತಿದರು. ನನ್ನ ಸೆರಗು, ತಲೆ, ಗೋಡೆ ಎಲ್ಲ ತೊಯ್ದು ತೊಪ್ಪೆ, ಅವರ ಮೈಮೇಲೆ ಹನಿ ನೀರಿಲ್ಲ. ಸಾಕಪ್ಪಾ ಸಾಕು ಎಂದು ನೆಲದ ಮೇಲೆ ಕುಕ್ಕರಿಸಿದೆ.

ಆಗ ಮುಂದಿನ ಕೋಣೆಯಲ್ಲಿ ಭಾವ ಅಂಗಿಗೆ ನೀರು ಹೊಡೆಯತೊಡಗಿದರು. ಅವರ ಕೈಗೊಂದು ತಾಳವಿದೆ. ಚುಸ್, ಚುಸ್, ಚುಸ್, ಆಮೇಲೆ ಬಿಸಿ ಇಸ್ತ್ರಿ ತಗುಲಿ ಒಂದು ಉದ್ದನೆಯ ಚೊಂಯ್. ಆ ಸದ್ದು ಕಿವಿಗೆ ಬಿದ್ದಿತೋ ಇಲ್ಲವೋ, ಸಾಹೇಬರ ಜುಟ್ಟು ನೆಟ್ಟಗೆ ನಿಂತಿತು! ಬೀರುವಿನಿಂದ ಇಳಿದರು. ಎರಡೂ ರೆಕ್ಕೆ ಅಗಲಿಸಿದರು, ಬಾಲ ಬೀಸಣಿಗೆ ಮಾಡಿದರು, ಇಲ್ಲದ ನೀರಿನಲ್ಲಿ, ಒಣ ಬೀರುವಿನ ಪಕ್ಕ, ಮಿಂದೇ ಮಿಂದರು!

"ಭಾವಾ! ಬೇಗ ಬನ್ನಿ! ಬಾಟಲಿ ತಗೊಂಡು ಬನ್ನಿ!"

"ಏನಾಯ್ತೇ? ಬೆಂಕಿ ಬಿತ್ತಾ?"

"ನಿಮ್ಮ ಕೈಯಿಂದಲೇ ಆಗಬೇಕಂತೆ ಇವರಿಗೆ!"

ಭಾವ ಬಾಗಿಲಲ್ಲೇ ನಿಂತರು. ಹಾವಿಗೆ ಕೋಲು ಚಾಚುವವರಂತೆ ಆದಷ್ಟು ದೂರದಿಂದ ಕೈ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿ, ಬಾಟಲಿಯನ್ನು ಮೇಲಕ್ಕೆ ಹಿಡಿದು ಒತ್ತಿದರು. ಚುಸ್, ಚುಸ್, ಚುಸ್. ತುಂತುರು ಮೇಲೇರಿ ಮೆಲ್ಲಗೆ ಇಳಿಯಿತು. ಸಾಹೇಬರು ತಮ್ಮ ಕೋಲಿಗೆ ಹಾರಿ ತಲೆಕೆಳಗಾಗಿ ಜೋತುಬಿದ್ದು, ಒಂದು ಕಂಕುಳು ಆಯಿತು ಇನ್ನೊಂದಕ್ಕೆ ಹೊಡಿ ಎಂಬಂತೆ ತಿರುಗಿ ತಿರುಗಿ ಒಡ್ಡಿಕೊಂಡರು. ಖುಷಿಗೆ ಕಿರುಚಿದ್ದು ಗಲ್ಲಿಯ ತುದಿಗೂ ಕೇಳಿಸಿರಬೇಕು. ಭಾವನ ತೆರೆದ ಬಾಯಿ ತೆರೆದೇ ಇತ್ತು.

"ನೀರು ಹೊಡೆಯೋದು ಯಾವುದು, ಚೆಲ್ಲೋದು ಯಾವುದು ಅಂತ ಇದಕ್ಕೆ ಗೊತ್ತಾಗುತ್ತೆ ಕಣೇ ಗುಂಡಿ!"

ಇಷ್ಟು ವರ್ಷ ದುಡಿದ ಕೈಗೆ ಅಂಥ ಮೆಚ್ಚುಗೆ ಯಾವ ಗಿರಾಕಿಯಿಂದಲೂ ಸಿಕ್ಕಿರಲಿಲ್ಲ. ಅಂದಿನಿಂದ ಸ್ನಾನದ ಇಲಾಖೆ ಭಾವನದಾಯಿತು. ಮೊದಮೊದಲು 'ಅದಕ್ಕೆ ನೀರು ಹೊಡೀಬೇಕು' ಅನ್ನುತ್ತಿದ್ದವರು ವಾರ ಕಳೆಯುವುದರೊಳಗೆ 'ಸಾಹೇಬ್ರ ಸ್ನಾನದ ಹೊತ್ತಾಯ್ತು' ಅನ್ನತೊಡಗಿದರು. ನೀರಿನ ಬಿಸಿಯನ್ನು ಮಣಿಕಟ್ಟಿನ ಮೇಲೆ ಹನಿಸಿ ನೋಡುತ್ತಿದ್ದರು. ಮುಟ್ಟುವುದು ಮಾತ್ರ ಇಲ್ಲ. ಕೆಂಡದಂಥ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಎಂಜಲು ಬೆರಳು ತಾಗಿಸಿ ಬಿಸಿ ನೋಡುವ ಮನುಷ್ಯನಿಗೆ ಒಂದು ಹಿಡಿ ಹಕ್ಕಿಯ ಕೊಕ್ಕೆಂದರೆ ಜೀವ ಹೋಗುವಷ್ಟು ಭಯ!

ಸ್ನಾನವಾದ ಮೇಲಿನ ಹೊತ್ತೇ ಭಾವನಿಗೆ ಅಚ್ಚುಮೆಚ್ಚು. ಸಾಹೇಬರು ಬಿಸಿಲಿಗೆ ಕೂತು ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಹಿಡಿದು ಬುಡದಿಂದ ತುದಿಯ ತನಕ ಎಳೆದು ಬಿಡುತ್ತಿದ್ದರು. ಒಂದು ದಿನ ಭಾವ ನನ್ನ ಕೈಯಲ್ಲಿದ್ದ ಸೂಜಿಯನ್ನು ಕಸಿದು ಕೆಳಗಿಟ್ಟು ಎಳೆದುಕೊಂಡು ಹೋದರು.

"ನೋಡು, ನೋಡು! ಇಸ್ತ್ರಿ ಮಾಡ್ಕೊಳ್ತಾ ಇದ್ದಾರೆ! ಬುಡದಿಂದ ತುದಿಗೆ. ಒಂದು ಸಲಾನೂ ಅಡ್ಡಕ್ಕೆ ಎಳೆಯಲ್ಲ. ಮನಸ್ಸಿಗೆ ಬರಲಿಲ್ಲ ಅಂದ್ರೆ ಮತ್ತೆ ಮೊದಲಿಂದ!"

"ಯಾರ ಹಾಗೋ ಇದ್ದಾರೆ" ಅಂದೆ. ಭಾವ ಕೇಳಿಸದವರಂತೆ ಕೆಮ್ಮಿದರು.

ಸ್ನಾನದಿಂದ ಪುಡಿಯೂ ಕಡಿಮೆಯಾಯಿತು. ಕರಿ ಕೋಟುಗಳು ಕರಿಯಾಗಿಯೇ ಉಳಿದವು. ಇಷ್ಟೆಲ್ಲ ಆದರೂ ಅಕ್ಕನ ಫೋನು ಬಂದರೆ ಭಾವನ ಬಾಯಿಗೆ ಬೀಗ. "ಹಕ್ಕಿ ಹೇಗಿದೆ ರೀ?" ಎಂದರೆ "ಇದೆ." ಅಷ್ಟೇ. ಕೊನೆಯ ವಾರ ಅಕ್ಕ, "ಇನ್ನೊಂದು ಸ್ವಲ್ಪ ದಿನ ಸಹಿಸ್ಕೊಳ್ಳಿ. ಗೆಳತಿಗೆ ಹೇಳಿದ್ದೀನಿ. ಸ್ಟೇಷನ್ನಿಗೇ ಬರ್ತಾಳೆ, ಹಾಗೇ ಮನೆಗೆ ಬಂದು ತಗೊಂಡು ಹೋಗ್ತಾಳೆ" ಎಂದಳು. ಭಾವ "ಹ್ಞೂಂ" ಎಂದು ಫೋನಿಟ್ಟರು. ಆಮೇಲೆ ಅಂಗಿಯ ಒಂದೇ ತೋಳನ್ನು ಎಷ್ಟು ಹೊತ್ತು ಉಜ್ಜಿದರೆಂದರೆ ಬಟ್ಟೆ ಹೊಳೆಯತೊಡಗಿತು.

"ಕಳಿಸೋದು ಬೇಡ ಅಂತ ಹೇಳಿಬಿಡಿ ಭಾವ" ಎಂದೆ.

"ಯಾವ ಮುಖ ಇಟ್ಕೊಂಡು ಹೇಳಲಿ? ಕಳಿಸು ಅಂತ ಬೀದಿಗೆ ಕೇಳೋ ಹಾಗೆ ಕೂಗಿದವನು ನಾನೇ. ಈಗ ಬೇಡ ಅಂದ್ರೆ ನಿಮ್ಮಕ್ಕ ನಾನು ಸಾಯೋತನಕ ಆಡ್ಕೊಂಡು ನಗ್ತಾಳೆ."

"ನಗಲಿ ಬಿಡಿ. ಹಕ್ಕಿ ಉಳಿಯುತ್ತಲ್ಲ?"

"ಸುಮ್ನೆ ಗುಂಡಿ ಹಚ್ಚು."

ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಗುಂಡಿಯನ್ನು ಉಲ್ಟಾ ಹಚ್ಚಿಬಿಟ್ಟೆ.

ಅಂತೂ ಆ ದಿನ ಬಂತು. ಅಕ್ಕನ ರೈಲು ಮಧ್ಯಾಹ್ನಕ್ಕೆ. ಬೆಳಿಗ್ಗೆ ಎದ್ದಾಗಿನಿಂದ ಭಾವ ನಿಂತಲ್ಲಿ ನಿಲ್ಲಲಿಲ್ಲ. "ಹೋಗೋದೇ ಆದ್ರೆ ನಮ್ಮ ಅಂಗಡಿಯಿಂದ ಹೋಗೋ ಹಾಗೇ ಹೋಗಬೇಕು. ಒಂದು ಕೊರತೆ ಕಾಣಬಾರದು" ಎಂದು ಘೋಷಿಸಿದರು. ಮೊದಲು ಉಗುರು. ನಾನು ಸಾಹೇಬರನ್ನು ಟವಲಿನಲ್ಲಿ ಸುತ್ತಿ ಒಂದು ಕಾಲು ಮಾತ್ರ ಹೊರಗೆಳೆದೆ. ಭಾವ ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು, ಉಗುರಿನೊಳಗಿನ ಕೆಂಪು ಗೆರೆಗೆ ತಾಗದಂತೆ ತುದಿಯಷ್ಟನ್ನೇ 'ಟಕ್' ಎನಿಸಿದರು. ಅಕಸ್ಮಾತ್ ರಕ್ತ ಬಂದರೆ ಒತ್ತಲು ಪಕ್ಕದಲ್ಲಿ ಗಂಜಿಗೆ ಬಳಸುವ ಮೆಕ್ಕೆಜೋಳದ ನಯವಾದ ಹಿಟ್ಟು ಇಟ್ಟುಕೊಂಡಿದ್ದರು. ಅದರ ಅಗತ್ಯ ಬೀಳಲಿಲ್ಲ. ಕೊನೆಯ ಉಗುರು ಮುಗಿದಾಗ ಬೆವರು ಒರೆಸಿಕೊಂಡದ್ದು ಸಾಹೇಬರಲ್ಲ, ನಾವಿಬ್ಬರು.

ಆಮೇಲೆ ಸ್ನಾನ. ಅವತ್ತು ಮುಂದಿನ ಕೋಣೆಯ ಕಿಟಕಿಯಲ್ಲಿ ಬಿಸಿಲು ಚೆನ್ನಾಗಿತ್ತು. ಯಾವತ್ತೂ ಇಲ್ಲದ್ದು, ಭಾವ ಸಾಹೇಬರ ಕೋಲನ್ನು ತಂದು ಇಸ್ತ್ರಿ ಮೇಜಿನ ಪಕ್ಕದಲ್ಲೇ ನಿಲ್ಲಿಸಿದರು! ಕಣ್ಣೆಲ್ಲ ಹಕ್ಕಿಯ ಮೇಲೆ. ಕೈ ತನ್ನಷ್ಟಕ್ಕೆ ಮೇಜಿನ ಕಡೆ ಹೋಗಿ ಬಾಟಲಿ ಎತ್ತಿಕೊಂಡಿತು. ಕೊನೆಯ ಸ್ನಾನವಲ್ಲವೇ, ಧಾರಾಳವಾಗಿ ಹೊಡೆದರು. ಬೆನ್ನಿಗೆ, ಎದೆಗೆ, ರೆಕ್ಕೆಯಡಿಗೆ, ಬಾಲಕ್ಕೆ, ಜುಟ್ಟಿಗೂ ಒಂದಿಷ್ಟು. ಸಾಹೇಬರು ಕುಣಿದದ್ದೇ ಕುಣಿದದ್ದು. ನಾನು ತಲೆ ತಗ್ಗಿಸಿ ವಕೀಲಮ್ಮನ ಕೋಟಿಗೆ ಗುಂಡಿ ಹಚ್ಚುತ್ತಿದ್ದೆ.

ಸ್ವಲ್ಪ ಹೊತ್ತಿಗೆ 'ಚಪ್ ಚಪ್' ಎಂಬ ಸದ್ದು ಕೇಳಿಸಿತು. ನೋಡಿದರೆ ಸಾಹೇಬರು ಗರಿಯೊಂದನ್ನು ಬಾಯಲ್ಲಿಟ್ಟು, ರುಚಿ ನೋಡುವವರಂತೆ ನಾಲಿಗೆ ಆಡಿಸುತ್ತಿದ್ದಾರೆ. ಜುಟ್ಟು ನೆಟ್ಟಗೆ ನಿಂತಿದೆ. ನಿಂತದ್ದು ಇಳಿಯುತ್ತಿಲ್ಲ! ಎದೆಯ ಮೇಲಿನ ಮೆತ್ತನೆಯ ಗರಿಗಳು ಮುಳ್ಳುಮುಳ್ಳಾಗಿ ಎದ್ದಿವೆ. "ಭಾವ, ಇವರೇನು ಹೀಗೆ..." ಅನ್ನುವಷ್ಟರಲ್ಲಿ ಸಾಹೇಬರು ಹಾರಲು ನೋಡಿದರು. ರೆಕ್ಕೆ ಬಿಚ್ಚಲಿಲ್ಲ. ಮಡಿಸಿದ ರಟ್ಟಿನಂತೆ ಟಪ್ಪೆಂದು ಮೇಜಿನ ಮೇಲೆ, ಕಾದ ಇಸ್ತ್ರಿಪೆಟ್ಟಿಗೆಯ ಪಕ್ಕಕ್ಕೇ ಬಿದ್ದರು!

ಭಾವ ಹಾರಿದರು. ಎರಡೂ ಕೈಯಲ್ಲಿ, ಬರಿಗೈಯಲ್ಲಿ, ಹಕ್ಕಿಯನ್ನು ಬಾಚಿ ಎದೆಗೆ ಒತ್ತಿಕೊಂಡರು. ಸಾಹೇಬರು ಹೆಬ್ಬೆರಳನ್ನು ಕಚ್ಚಿ ಹಿಡಿದರು. ಭಾವ ಬಿಡಲಿಲ್ಲ. ಇನ್ನೊಂದು ಕೈಯ ಬೆರಳಿಗೆ ಏನೋ ಅಂಟಿದ್ದನ್ನು ಮೂಸಿ, ನೆಕ್ಕಿ ನೋಡಿ, ಬಿಳಿಚಿಕೊಂಡರು.

"ಗಂಜಿ!"

ನೀರಿನ ಬಾಟಲಿ ಎಡಗಡೆ ಇದ್ದಲ್ಲೇ ಇತ್ತು. ಬಲಗಡೆಯದು ಅರ್ಧ ಖಾಲಿ. ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನಗೆ ನಗು ಉಕ್ಕಿಬಂತು. ಊರಿನ ಕಾಲರುಗಳನ್ನೆಲ್ಲ ನಿಲ್ಲಿಸಿದ ಗಂಜಿ ಸಾಹೇಬರನ್ನೂ ಒಂದು ಕಾಲರು ಮಾಡಿಟ್ಟಿತ್ತು. ಆದರೆ ಹಕ್ಕಿಯ ಕಣ್ಣು ಅರ್ಧ ಮುಚ್ಚಿತ್ತು, ಮೈ ನಡುಗುತ್ತಿತ್ತು. ನಗು ಗಂಟಲಲ್ಲೇ ಸತ್ತಿತು.

ಹಕ್ಕಿ ಡಾಕ್ಟರಿಗೆ ಫೋನು ಹಚ್ಚಿ ಭಾವನ ಕಿವಿಗೆ ಹಿಡಿದೆ.

"ಡಾಕ್ಟ್ರೇ, ನಮ್ಮ ಹಕ್ಕಿಗೆ ಗಂಜಿ ಹಾಕಿಬಿಟ್ಟೆ!"

"ಹಾಕಿ, ಸ್ವಲ್ಪ ಕುಡಿದ್ರೆ ಏನೂ ಆಗಲ್ಲ."

"ಕುಡಿಯೋಕಲ್ಲ ಡಾಕ್ಟ್ರೇ! ಅಂಗಿಗೆ ಹಾಕ್ತಾರಲ್ಲ ಹಾಗೆ! ಮೈಗೆ!"

ಆ ಕಡೆ ಏನೋ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಅದರಲ್ಲಿ ಸೋಪು, ಸೆಂಟು, ನೀಲಿ ಏನಾದ್ರೂ ಇದೆಯಾ?"

"ಇಲ್ಲ. ಮೆಕ್ಕೆಜೋಳದ ಹಿಟ್ಟು, ನೀರು. ನಾನೇ ಕುದಿಸಿದ್ದು."

"ಹಾಗಾದ್ರೆ ವಿಷ ಅಲ್ಲ. ಹಾಗಂತ ಬಿಡೋ ಹಾಗೂ ಇಲ್ಲ. ಗರಿ ಬಿಗಿದುಕೊಂಡ್ರೆ ಮೈ ಬಿಸಿ ನಿಲ್ಲಲ್ಲ, ಅದರಿಂದಲೇ ಸಾಯುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಅದ್ದಿ ಬಿಡಿಸಿ. ತಲೆ ನೀರಿಗೆ ಹೋಗಬಾರದು. ಉಜ್ಜಬೇಡಿ. ಆಮೇಲೆ ಬೆಚ್ಚಗೆ ಇಟ್ಟು ಒಣಗಿಸಿ. ಕೂದಲು ಒಣಗಿಸೋ ಯಂತ್ರ ಬೇಡ. ಬಿಸಿ ಬಟ್ಟೆ ಸಾಕು. ಸಪ್ಪಗೇ ಇದ್ರೆ ತಕ್ಷಣ ಕರ್ಕೊಂಡು ಬನ್ನಿ."

ಮುಂದಿನದು ಈಗ ನೆನೆದರೂ ಮೈ ಜುಂ ಅನ್ನುತ್ತದೆ. ನಾನು ನೀರು ಕಾಯಿಸುವುದು, ಬೇಸಿನ್ನಿಗೆ ಸುರಿಯುವುದು, ಭಾವ ಮೊಣಕೈ ಅದ್ದಿ ಬಿಸಿ ನೋಡುವುದು, "ಜಾಸ್ತಿ ಆಯ್ತು, ತಣ್ಣೀರು ಹಾಕು, ಬೇಗ!" ಎಂದು ಕೂಗುವುದು. ಸಾಹೇಬರ ಕತ್ತನ್ನು ಎರಡು ಬೆರಳ ನಡುವೆ ಮೆಲ್ಲಗೆ ಎತ್ತಿ ಹಿಡಿದು, ಮೈಯಷ್ಟನ್ನೇ ನೀರಿಗಿಳಿಸಿ, ಅಂಗೈಯಿಂದ ನೀರೆತ್ತಿ ಬುಡದಿಂದ ತುದಿಗೆ ಜಾರಿಸಿದರು. ಮೊದಲ ನೀರು ಹಾಲಾಯಿತು. ಚೆಲ್ಲಿ ಬೇರೆ ತಂದೆ. ಅದು ಅಕ್ಕಿ ತೊಳೆದ ನೀರಾಯಿತು. ಸಾಹೇಬರು ಕಚ್ಚದ ಬೆರಳು ಉಳಿಯಲಿಲ್ಲ. "ಕಚ್ಚಿ ಸಾಹೇಬ್ರೇ, ಕಚ್ಚಿ. ನನ್ನ ಕೈಗೆ ಬುದ್ಧಿ ಬರಲಿ. ಕಣ್ಣು ಮಾತ್ರ ಮುಚ್ಚಬೇಡಿ" ಎಂದು ಭಾವ ಗೋಗರೆಯುತ್ತಲೇ ಇದ್ದರು. ಪ್ರತಿ ನೀರಿಗೂ ಒಂದು ಗರಿಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡುವುದು, "ಇನ್ನೂ ಇದೆ" ಅನ್ನುವುದು. ನೀರು ಕನ್ನಡಿಯಾದ ಮೇಲೂ ಇನ್ನೂ ಇದೆ! ಕೊನೆಗೊಮ್ಮೆ ಬೆರಳು ನಿಂತಿತು.

"ಹೋಯ್ತು. ಟವಲು!"

ಟವಲು ತಂದೆ. "ತಣ್ಣಗಿದೆಯಲ್ಲೇ! ಇಸ್ತ್ರಿ ಹಾಕು!"

"ನಿಮ್ಮ ಇಸ್ತ್ರಿಪೆಟ್ಟಿಗೆಯಿಂದಲಾ? ನಾನಾ?"

"ಇನ್ನು ಯಾರು, ಸಾಹೇಬ್ರಾ? ಹಾಕೇ!"

ಆ ಪೆಟ್ಟಿಗೆಯನ್ನು ಅವರು ಅಕ್ಕನಿಗೂ ಮುಟ್ಟಲು ಕೊಟ್ಟವರಲ್ಲ. ನಾನು ಎರಡೂ ಕೈಯಲ್ಲಿ ಎತ್ತಿ ಟವಲಿನ ಮೇಲೆ ಓಡಿಸಿದೆ. ಬಿಸಿ ಟವಲು ಹಕ್ಕಿಗೆ, ಒದ್ದೆ ಟವಲು ನೆಲಕ್ಕೆ, ಇನ್ನೊಂದು ಟವಲು ಮೇಜಿಗೆ. "ಒತ್ತಿ ತೆಗೀಬೇಕು, ಉಜ್ಜಬಾರದು" ಎಂದು ಭಾವ ತಮಗೆ ತಾವೇ ಹೇಳಿಕೊಳ್ಳುತ್ತ ಒತ್ತಿದರು. ಮನೆಯ ಟವಲುಗಳೆಲ್ಲ ಮುಗಿದವು. ದಿಂಬಿನ ಚೀಲ ಮುಗಿದವು. ಹಕ್ಕಿ ಇನ್ನೂ ನಡುಗುತ್ತಿತ್ತು. ಭಾವ ಸುತ್ತ ನೋಡಿದರು. ಬೆಳಿಗ್ಗೆಯೇ ಇಸ್ತ್ರಿಯಾಗಿ, ನಾನು ಆಗಷ್ಟೇ ಗುಂಡಿ ಹಚ್ಚಿ ತೂಗುಹಾಕಿದ್ದ ವಕೀಲಮ್ಮನ ಕರಿ ಕೋಟು ಕಣ್ಣಿಗೆ ಬಿತ್ತು. ದಪ್ಪ ಉಣ್ಣೆ, ಒಳಗೆ ನುಣುಪು ಅಸ್ತರು.

"ಅದನ್ನ ಕೊಡು."

"ಭಾವ! ವಕೀಲಮ್ಮಂದು!"

"ಗೊತ್ತು. ಬಿಸಿ ಮಾಡಿ ಕೊಡು."

ಪುಡಿಯ ಒಂದು ಕಣ ಬಿದ್ದದ್ದಕ್ಕೆ ಮನೆಯನ್ನೇ ರಣರಂಗ ಮಾಡಿದ ಮನುಷ್ಯ, ಅದೇ ಕೋಟಿನಲ್ಲಿ ಒದ್ದೆ ಹಕ್ಕಿಯನ್ನು ಸುತ್ತಿ ಬಿಸಿಲು ಬೀಳುತ್ತಿದ್ದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನನಗೆ ಕಣ್ಣು ತುಂಬಿಬಂತು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಸರಿಯಾಗಿ ಆಗಲೇ ವಕೀಲಮ್ಮ ಬರಬೇಕೇ!

"ಕೋಟು ಆಯ್ತೇನಪ್ಪಾ? ಬೇಡ, ಹೇಳಬೇಡ, ನಾನೇ ಹೇಳ್ತೀನಿ. ಇನ್ನೂ ಒಣಗಿಲ್ಲ, ನಾಳೆ ಬನ್ನಿ."

"ಇಲ್ಲ ಮೇಡಂ. ಒಣಗಿತ್ತು, ಇಸ್ತ್ರಿನೂ ಆಗಿತ್ತು" ಎಂದರು ಭಾವ ಕೂತಲ್ಲಿಂದಲೇ. "ಈಗ ಒದ್ದೆ ಆಗಿದೆ. ಒಳಗೆ ಹಕ್ಕಿ ಇದೆ."

ವಕೀಲಮ್ಮ ಬಗ್ಗಿ ನೋಡಿದರು. ಬಯ್ಗುಳಕ್ಕೆ ನಾನು ಕಿವಿ ಮುಚ್ಚಲು ಸಿದ್ಧಳಾದೆ.

"ಜೀವ ಇದೆ ತಾನೇ?"

"ಇದೆ ಮೇಡಂ."

"ಹಾಗಾದ್ರೆ ಒಂದು ಕುರ್ಚಿ ಹಾಕಮ್ಮ ನನಗೆ" ಎಂದು ನನ್ನ ಕಡೆ ತಿರುಗಿದರು.

ಮೂವರೂ ಕೋಟನ್ನೇ ನೋಡುತ್ತ ಕೂತೆವು. ಮೊದಲು ನಡುಕ ನಿಂತಿತು. ಆಮೇಲೆ ಕೋಟಿನ ತೋಳಿನಿಂದ ಹಳದಿ ತಲೆಯೊಂದು ಹೊರಬಂತು. ಜುಟ್ಟು ಇನ್ನೂ ನೆಟ್ಟಗೇ ಇತ್ತು. ಸಾಹೇಬರು ವಕೀಲಮ್ಮನನ್ನು ಮೇಲಿಂದ ಕೆಳಗೆ ನೋಡಿದರು, ತಲೆ ಕೊಂಕಿಸಿದರು, ಮತ್ತು ಜುಟ್ಟು ಮೆಲ್ಲಗೆ, ಮೆಲ್ಲಗೆ, ಹಿಂದಕ್ಕೆ ಮಲಗಿತು!

"ಇಳೀತು! ಇಳೀತು!" ಎಂದು ನಾನು ಕುಣಿದೆ. ವಕೀಲಮ್ಮ ಚಪ್ಪಾಳೆ ತಟ್ಟಿದರು. ಭಾವ ಮೂಗು ಒರೆಸಿಕೊಂಡರು. ಸಾಹೇಬರು ಭಾವನ ಮಡಿಲಿನಲ್ಲೇ ಕೂತು ಗರಿಗಳಿಗೆ ಇಸ್ತ್ರಿ ಹಾಕಿಕೊಳ್ಳಲು ಶುರುಮಾಡಿದರು, ಬುಡದಿಂದ ತುದಿಗೆ. ಮೈ ಆರುತ್ತ ಬಂದಂತೆ ರೆಕ್ಕೆ ಎರಡೂ ಸಲೀಸಾಗಿ ಬಿಚ್ಚಿಕೊಂಡವು.

ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು. ಅಕ್ಕ! ಹಿಂದೆಯೇ ಅವಳ ಗೆಳತಿ, ಕೈಯಲ್ಲಿ ಗಾಳಿಗೆ ತೂತು ಮಾಡಿದ ಪೆಟ್ಟಿಗೆ. ನೆಲದ ತುಂಬ ಒದ್ದೆ ಟವಲು, ಕುರ್ಚಿಯಲ್ಲಿ ವಕೀಲಮ್ಮ, ಮಡಿಲಲ್ಲಿ ಕರಿ ಕೋಟು ಇಟ್ಟುಕೊಂಡು ನೆಲದ ಮೇಲೆ ಗಂಡ. ಅಕ್ಕ ಹೊಸ್ತಿಲಲ್ಲೇ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಭಾವ ಒದರಿಬಿಟ್ಟರು:

"ಗಂಜಿ ಹಾಕಿಬಿಟ್ಟೆ ಕಣೇ, ಸಾಹೇಬ್ರಿಗೆ. ನಾನೇ. ತಪ್ಪಾಯ್ತು. ಎಲ್ಲ ತೊಳೆದಿದ್ದೀನಿ."

ಅಕ್ಕ ಚೀಲ ಕೆಳಗಿಟ್ಟು ಮಂಡಿಯೂರಿ ಕೂತಳು. ಹಕ್ಕಿಯ ರೆಕ್ಕೆ ಬಿಡಿಸಿ ನೋಡಿದಳು, ಎದೆಯ ಗರಿಯೊಳಗೆ ಬೆರಳಿಟ್ಟು ನೋಡಿದಳು, ಕಣ್ಣು ನೋಡಿದಳು. ಆಮೇಲೆ ಗಂಡನ ಕೈ ಹಿಡಿದು, ಕಚ್ಚಿದ ಗಾಯಗಳನ್ನು ಒಂದೊಂದಾಗಿ ನೋಡಿದಳು.

"ಮುಟ್ಟಿದ್ರಾ ನೀವು?"

"ಹ್ಞೂಂ."

ಗೆಳತಿ ಪಾಪ, ಏನು ಮಾಡಬೇಕೆಂದು ತಿಳಿಯದೆ ಪೆಟ್ಟಿಗೆ ಮುಂದೆ ಚಾಚಿದಳು. "ಹುಷಾರಾಗಿದ್ಯಲ್ಲ? ಹಾಗಾದ್ರೆ ನಾನು ತಗೊಂಡು..."

ಭಾವ ಕೋಟನ್ನು ಹಕ್ಕಿಯ ಸಮೇತ ಎದೆಗವಚಿಕೊಂಡರು.

"ಇನ್ನೂ ಒಣಗಿಲ್ಲ. ನಾಳೆ ಬನ್ನಿ."

ವಕೀಲಮ್ಮ ನಕ್ಕ ನಗೆಗೆ ಹ್ಯಾಂಗರುಗಳು ಅಲುಗಿದವು. "ನೋಡಮ್ಮ, ಈ ಮಾತು ನಾನು ವರ್ಷಗಟ್ಟಲೆ ಕೇಳಿದ್ದೀನಿ. ಸುಮ್ಮನೆ ಪೆಟ್ಟಿಗೆ ಎತ್ಕೊಂಡು ಮನೆಗೆ ಹೋಗು."

ಅಕ್ಕ ಮಾತ್ರ ನಗಲಿಲ್ಲ. ಅವಳ ದನಿ ಇಳಿಯಿತು.

"ಒಣಗಿದೆ ರೀ. ಈಗ ತಾನೇ ಮುಟ್ಟಿ ನೋಡಿದೆ."

ಭಾವ ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಮನಸ್ಸಿನಲ್ಲೇ ಕಿರುಚುತ್ತಿದ್ದೆ, ಹೇಳಿ ಭಾವ, ಈಗಲಾದರೂ ಹೇಳಿ!

"ಹೌದು, ಒಣಗಿದೆ. ಆದ್ರೆ ಕೊಡಲ್ಲ. ನನಗೆ ಬೇಕು. ಇವರಿಲ್ಲದೆ ನನಗಾಗಲ್ಲ ಕಣೇ. ನೀನು ಎಷ್ಟು ಬೇಕಾದ್ರೂ ನಗು."

ಅಕ್ಕ ನಗಲಿಲ್ಲ. ಅವರ ಭುಜಕ್ಕೆ ತಲೆಯಿಟ್ಟು ಅತ್ತಳು. ಯಾರೂ ಕೇಳದೆ ಇದ್ದರೂ "ನನಗೂ ಕೊಡೋ ಮನಸ್ಸಿರಲಿಲ್ಲ" ಎಂದಳು. ಗೆಳತಿ ಪೆಟ್ಟಿಗೆ ಕೆಳಗಿಟ್ಟು, ಚಹಾ ಆದರೂ ಕೊಡ್ತೀರಾ ಎಂದು ಕೇಳಿದಳು. ಅಷ್ಟರಲ್ಲಿ ಸಾಹೇಬರು ಎದ್ದು ನಿಂತು, ಇಡೀ ಮೈಯನ್ನು ಒಮ್ಮೆ ಜೋರಾಗಿ ಕೊಡವಿದರು. ಬಿಸಿಲಿನಲ್ಲಿ ಬಿಳಿ ಪುಡಿ ಎದ್ದು, ತೇಲಿ, ಕರಿ ಕೋಟಿನ ಮೇಲೆಲ್ಲ ಇಳಿಯಿತು. ಭಾವ ಅದನ್ನು ನೋಡಿದರು. ಒರೆಸಲಿಲ್ಲ.

ವಕೀಲಮ್ಮ ಎದ್ದು ಬಾಗಿಲ ಹತ್ತಿರ ಹೋಗಿ ತಿರುಗಿದರು.

"ಅದೆಲ್ಲ ಸರಿ. ನನ್ನ ಕೋಟಿನ ಗತಿ ಏನಪ್ಪಾ?"

"ಇನ್ನೂ ಒಣಗಿಲ್ಲ ಮೇಡಂ" ಎಂದರು ಭಾವ. "ನಾಳೆ ಬನ್ನಿ."

ನಾನು ಆ ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂತಾಗಿನಿಂದ ಆ ಮಾತು ನಿಜವಾದದ್ದು ಅದೊಂದೇ ಸಲ.